ಅಂಗವಿಕಲ ಯೋಧರೂ ಕ್ರೀಡಾಂಗಣವೂ

ಋಗ್ವೇದದ ಪ್ರಥಮ ಮಂಡಲದ 116ನೆಯ ಸೂಕ್ತದಲ್ಲಿ ಕಕ್ಷೀವಂತನೆಂಬ ಋಷಿಯು ಅಶ್ವಿನೀದೇವತೆಗಳು ಲೋಕಕ್ಕೆ ಮಾಡಿದ ಉಪಕಾರಗಳನ್ನು ಒಂದೊಂದಾಗಿ ಎಣಿಸಿ ಕೊಂಡಾಡಿದ್ದಾನೆ. ಮುದುಕನಿಗೆ ಯೌವನವನ್ನು ಕೊಟ್ಟುದು, ಕುರುಡನಿಗೆ ಕಣ್ಣನ್ನು ಕೊಟ್ಟುದು, ಕಡಲಿನಲ್ಲಿ ಮುಳುಗುತ್ತಿದ್ದವನನ್ನು ದಡಕ್ಕೆ ಸೇರಿಸಿದುದು, ಇವುಗಳ ನಡುವೆ ವಿಶ್ಪಲೆಯೆಂಬವಳ ಸಂಗತಿಯೊಂದು ಬರುತ್ತದೆ. ಖೇಲನ ಕಾಳಗದಲ್ಲಿ, ಇರುಳಿನ ಹೊತ್ತಿನಲ್ಲಿ, ಅವಳ ಕಾಲು ಹಕ್ಕಿಯ ರೆಕ್ಕೆಯಂತೆ ಕತ್ತರಿಸಿಹೋಯಿತು. ಅಶ್ವಿನಿಗಳು ತಡಮಾಡದೆ ಬಂದು ಲೋಹದ ಕಾಲೊಂದನ್ನು ಅವಳಿಗೆ ಜೋಡಿಸಿದರು. ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ವೇದಭಾಷ್ಯವನ್ನು ರಚಿಸಿದ ಸಾಯಣಾಚಾರ್ಯರು ಈ ಋಕ್ಕನ್ನು ವಿವರಿಸುತ್ತ, ಖೇಲನೆಂಬವನು ಒಬ್ಬ ಅರಸನೆಂದೂ, ವಿಶ್ಪಲೆಯು ಅವನ ಸಂಬಂಧದ ಸ್ತ್ರೀಯೆಂದೂ, ಯುದ್ಧದಲ್ಲಿ ಶತ್ರುಗಳು ಅವಳ ಪಾದವನ್ನು ಕಡಿದರೆಂದೂ, ಪುರೋಹಿತನಾದ ಅಗಸ್ತ್ಯನ ಸ್ತುತಿಗೆ ಒಲಿದು ದೇವವೈದ್ಯರು ರಾತ್ರಿಯಲ್ಲಿಯೇ ಬಂದು ಕಬ್ಬಿಣದ ಕಾಲನ್ನು ಕೊಟ್ಟರೆಂದೂ ಹೇಳಿರುವರು.

ಈಚಿನ ವಿದ್ವಾಂಸರಲ್ಲಿ ಈ ವಿಷಯವಾಗಿ ಭಿನ್ನಾಭಿಪ್ರಾಯವುಂಟು. ಜರ್ಮನಿಯ ಪಿಶೆಲ್ ಪಂಡಿತನು ವಿಶ್ಪಲೆಯು ಸ್ತ್ರೀಯೇ ಅಲ್ಲ, ಪಂದ್ಯದಲ್ಲಿ ಓಡುವ ಕುದುರೆ ಎಂದು ವಾದಿಸಿದನು. ಹಾಗೆ ವಾದಿಸುವುದಕ್ಕೆ ಅವಕಾಶ ದೊರೆತುದು ಋಕ್ಕಿನಲ್ಲಿಯೇ ಇರುವ ಒಂದು ಮಾತಿನಿಂದ. ವಿಶ್ಪಲೆಗೆ ಕಾಲನ್ನು ಕೊಟ್ಟುದು ಏತಕ್ಕೆಂಬುದನ್ನು ಋಷಿಯು ಸ್ಪಷ್ಟವಾಗಿ ಹೇಳಿದ್ದಾನೆ: ಪಣವಾಗಿ ಇಟ್ಟ ಧನದ ಕಡೆಗೆ ಅವಳು ಮತ್ತೆ ಓಡಬೇಕೆಂದು. ಅವಳು ಸ್ತ್ರೀಯಾಗಲಿ ಕುದುರೆಯಾಗಲಿ, ಈ ಮಾತಿನ ಸ್ವಾರಸ್ಯವು ಕುಂದುವುದಿಲ್ಲ. ದೇವವೈದ್ಯರು ಕಾಲನ್ನು ಕೊಟ್ಟುದು ಮನೆಯ ಮೂಲೆಯಲ್ಲಿ ಊರಿಕೊಂಡು ಕುಳ್ಳಿರುವುದಕ್ಕಲ್ಲ, ಕಣಕ್ಕೆ ಮರಳುವುದಕ್ಕೆ. ಕಾಲು ಮತ್ತು ಕಣ ಎರಡನ್ನೂ ಒಂದೇ ಉಪಕಾರವೆಂದು ಆ ಪ್ರಾಚೀನ ಋಷಿಯು ಎಣಿಸಿದನು. ಆದರೆ ಮನುಷ್ಯರ ಚರಿತ್ರೆಯಲ್ಲಿ ಈ ಎರಡೂ ಬೇರೆಬೇರೆಯಾದುವು. ಯುದ್ಧದಲ್ಲಿ ಅಂಗವನ್ನು ಕಳೆದುಕೊಂಡವನಿಗೆ ಕೃತಕವಾದ ಅಂಗವು ಮೊದಲೇ ದೊರೆಯಿತು. ಕಣವು ದೊರೆಯುವುದಕ್ಕೆ ಶತಮಾನಗಳೇ ಹಿಡಿದುವು. ಆ ವೃತ್ತಾಂತವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗುವುದು.

ರೋಮಿನ ಗ್ರಂಥಕಾರನಾದ ಪ್ಲಿನಿಯು ಮಾರ್ಕಸ್ ಸರ್ಜಿಯಸ್ ಎಂಬ ಯೋಧನ ಕಥೆಯನ್ನು ಬರೆದಿಟ್ಟಿದ್ದಾನೆ. ರೋಮಿಗೂ ಕಾರ್ಥೇಜಿಗೂ ನಡೆದ ಎರಡನೆಯ ಯುದ್ಧದ ಕಾಲದಲ್ಲಿ ಇವನು ಬಲಗೈಯನ್ನು ಕಳೆದುಕೊಂಡನು. ಎರಡು ದಂಡಯಾತ್ರೆಗಳಲ್ಲಿ ಅವನ ಮೈಮೇಲೆ 23 ಗಾಯಗಳಾಗಿದ್ದುವಂತೆ. ಕಬ್ಬಿಣದ ಕೈಯೊಂದನ್ನು ಮಾಡಿಸಿ ಕಟ್ಟಿಕೊಂಡು ಅವನು ಮತ್ತೆ ಕಾದಿದನು. ಮುತ್ತಿಗೆಗೆ ಸಿಕ್ಕಿದ್ದ ಕ್ರೆಮೋನಾ ಪಟ್ಟಣವನ್ನು ಬಿಡಿಸಿದನು. ಇಷ್ಟಾದರೂ, ಅವನು ಪ್ರೇಟರ್ ಎಂಬ ಉನ್ನತಾಧಿಕಾರದಲ್ಲಿದ್ದಾಗ, ಅಂಗವಿಕಲನಾದವನು ಯಜ್ಞಕಾರ್ಯಗಳಲ್ಲಿ ಸೇರಕೂಡದೆಂದು ಅವನ ಜೊತೆಯ ಅಧಿಕಾರಿಗಳೇ ಅಡ್ಡಿಮಾಡಿದರು. ನಾಡಿಗಾಗಿ ಕೈಯನ್ನು ತೆತ್ತವನು ನಾಡಿನ ಪೂಜೆಗೆ ಅನರ್ಹನಾದನು! ಇದು ರೋಮನರ ದೋಷವೊಂದೇ ಎಂದು ತಿಳಿಯಬೇಕಾಗಿಲ್ಲ. ಮಹಾಭಾರತದಲ್ಲಿ ಪ್ರತೀಪರಾಜನ ಹಿರಿಯ ಮಗನಾದ ದೇವಾಪಿಯು ಸಕಲಗುಣಸಂಪನ್ನನಾಗಿದ್ದರೂ, ಚರ್ಮರೋಗದ ದೆಸೆಯಿಂದ ಅಂಗದೋಷವುಳ್ಳವನೆಂದು ಪಟ್ಟವನ್ನು ಕಳೆದುಕೊಂಡು ಕಾಡಿಗೆ ಹೋದನು. ಅಂಗವು ಊನವಾದರೆ ಅಧಿಕಾರವೂ ಊನವಾಗುವುದೆಂಬ ಭಾವನೆಯು ಪೂರ್ವಪಶ್ಚಿಮಗಳೆರಡರಲ್ಲಿಯೂ ಆಳವಾಗಿ ಬೇರೂರಿದ್ದಿತು.

ಮುಂದೆ ಶಸ್ತ್ರವೈದ್ಯವು ಬೆಳೆಯಿತು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಸೇನಾವೈದ್ಯನಾದ ಆಂಬ್ರೋಯಿಸ್ ಪಾರೆಯು ಕಡಿದ ಅಂಗದ ರಕ್ತನಾಳಗಳನ್ನು ದಾರದಿಂದ ಕಟ್ಟುವ ಕ್ರಮವನ್ನು ರೂಢಿಗೆ ತಂದನು. ಕೀಲುಳ್ಳ ಕೃತಕ ಕೈಕಾಲುಗಳನ್ನೂ ಯೋಜಿಸಿದನು. 1861ರಲ್ಲಿ ಅಮೆರಿಕದ ಅಂತರ್ಯುದ್ಧವು ಆರಂಭವಾದೊಡನೆಯೇ ಫಿರಂಗಿಯ ಗುಂಡಿನಿಂದ ಕಾಲನ್ನು ಕಳೆದುಕೊಂಡ ಜೇಮ್ಸ್ ಹ್ಯಾಂಗರ್ ಎಂಬ ತರುಣನು ತನಗಾಗಿ ತಾನೇ ಮರದ ಕಾಲೊಂದನ್ನು ಮಾಡಿಕೊಂಡು, ಆಮೇಲೆ ಅದನ್ನೇ ಉದ್ಯಮವನ್ನಾಗಿ ಬೆಳೆಸಿದನು. ಮೊದಲನೆಯ ಮಹಾಯುದ್ಧವು ಮುಗಿಯುವಷ್ಟರಲ್ಲಿ ಬ್ರಿಟಿಷ್ ಸೈನ್ಯವೊಂದರಲ್ಲಿಯೇ ನಲವತ್ತು ಸಾವಿರಕ್ಕೂ ಮಿಕ್ಕ ಯೋಧರು ಕೈಯನ್ನೋ ಕಾಲನ್ನೋ ಕಳೆದುಕೊಂಡಿದ್ದರು. ಭಾರತೀಯ ಸಿಪಾಯಿಗಳಿಗಾಗಿ 1917ರಲ್ಲಿ ಮುಂಬಯಿಯಲ್ಲಿ ಕ್ವೀನ್ ಮೇರಿಯ ಹೆಸರಿನ ಕೈಗಾರಿಕಾ ಶಾಲೆಯೊಂದು ಹುಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಪುಣೆಯಲ್ಲಿ ಸೈನ್ಯದ ಕೃತಕಾವಯವ ಕೇಂದ್ರವು ಸ್ಥಾಪಿತವಾಯಿತು. ಇವೆಲ್ಲವೂ ಪುಣ್ಯಕಾರ್ಯಗಳೇ ಸರಿ. ಆದರೆ ಇವುಗಳ ಉದ್ದೇಶವು ಜೀವನೋಪಾಯವಾಗಿದ್ದಿತು. ಕಾಲಿಲ್ಲದವನಿಗೆ ಹೊಲಿಗೆಯನ್ನೋ ಯಂತ್ರದ ಕೆಲಸವನ್ನೋ ಕಲಿಸಿದರೆ ಹೊಟ್ಟೆಗೆ ದಾರಿಯಾಗುವುದು. ಅದಕ್ಕಿಂತ ಹೆಚ್ಚಿನದನ್ನು ಅವನು ಬಯಸಿಯಾನೆಂಬುದು ಆ ಕಾಲದವರ ಮನಸ್ಸಿಗೆ ಹೊಳೆಯಲಿಲ್ಲ. ಸೈನಿಕನ ಜೀವನವೆಂದರೆ ವ್ಯಾಯಾಮ, ಪಂದ್ಯ, ಪರಾಕ್ರಮ. ಹದಿನೆಂಟನೆಯ ವಯಸ್ಸಿನಿಂದ ಅದರಲ್ಲಿಯೇ ಬೆಳೆದವನಿಗೆ ಅನ್ನ ಸಿಕ್ಕಿದ ಮಾತ್ರಕ್ಕೆ ಆತ್ಮಕ್ಕೆ ತೃಪ್ತಿಯಾಗುವುದೆ?

ಈ ಪ್ರಶ್ನೆಗೆ ಮೊದಲು ಉತ್ತರವನ್ನು ಕೊಟ್ಟವರಲ್ಲಿ ಹಂಗೆರಿ ದೇಶದ ಕಾರೊಯ್ ಟಕಾಚ್ ಎಂಬವನು ಸ್ಮರಣೀಯನು. ಇವನು 1910ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿ ಸೈನ್ಯವನ್ನು ಸೇರಿದನು. ಪಿಸ್ತೂಲಿನ ಗುರಿಯಲ್ಲಿ ದೇಶಕ್ಕೇ ಹೆಸರಾದನು. 1936ರ ಒಲಿಂಪಿಕ್ ಕ್ರೀಡೆಗಳಿಗೆ ಹೋಗುವ ಯೋಗ್ಯತೆಯಿದ್ದರೂ, ಅವನು ಸಾರ್ಜೆಂಟನೆಂಬ ಕಾರಣದಿಂದ, ಉನ್ನತಾಧಿಕಾರಿಗಳಿಗೆ ಮಾತ್ರ ಮೀಸಲಾಗಿದ್ದ ಆ ತಂಡದಲ್ಲಿ ಅವನಿಗೆ ಎಡೆ ದೊರೆಯಲಿಲ್ಲ. ಆ ನಿಯಮವು ಸಡಿಲವಾಗುವಷ್ಟರಲ್ಲಿ, 1938ರಲ್ಲಿ, ಸೈನಿಕ ಶಿಕ್ಷಣದ ಸಮಯದಲ್ಲಿ ದೋಷಯುಕ್ತವಾದ ಕೈಬಾಂಬೊಂದು ಅವನ ಬಲಗೈಯಲ್ಲಿಯೇ ಸಿಡಿಯಿತು. ಗುರಿಯಿಡುತ್ತಿದ್ದ ಕೈಯೇ ನಾಶವಾಯಿತು. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಹೊರಗೆ ಬಂದ ಅವನು ಯಾರಿಗೂ ತಿಳಿಸದೆ ಎಡಗೈಯಿಂದ ಅಭ್ಯಾಸಕ್ಕೆ ತೊಡಗಿದನು. 1939ರಲ್ಲಿ ಹಂಗೆರಿಯ ರಾಷ್ಟ್ರೀಯ ಪಂದ್ಯಕ್ಕೆ ಅವನು ಬಂದಾಗ, ಹಳೆಯ ಗೆಳೆಯರು ಅವನು ನೋಡುವುದಕ್ಕೆ ಬಂದನೆಂದು ಭಾವಿಸಿ ಸಮಾಧಾನವನ್ನು ಹೇಳಿದರಂತೆ. ಅವನು ಸ್ಪರ್ಧಿಸಿ ಗೆದ್ದನು.

ಯುದ್ಧದ ಕಾರಣದಿಂದ 1940ರ ಮತ್ತು 1944ರ ಒಲಿಂಪಿಕ್ ಕ್ರೀಡೆಗಳು ನಡೆಯಲಿಲ್ಲ. 1948ರಲ್ಲಿ ಲಂಡನಿನಲ್ಲಿ ಅವು ಮತ್ತೆ ಸೇರಿದಾಗ ಟಕಾಚನಿಗೆ 38 ವರ್ಷ. ಆ ಪಂದ್ಯದಲ್ಲಿ ಗೆಲ್ಲುವನೆಂದು ಎಲ್ಲರೂ ನಂಬಿದ್ದ ಅರ್ಜೆಂಟೈನಾ ದೇಶದ ಸಾಯೆನ್ಸ್ ವಾಲಿಯೆಂಟೆಯು, ಇಲ್ಲಿಗೇಕೆ ಬಂದಿರೆಂದು ಅವನನ್ನು ಕೇಳಿದನೆಂದೂ, ಕಲಿಯುವುದಕ್ಕೆ ಬಂದೆನೆಂದು ಇವನು ಉತ್ತರ ಕೊಟ್ಟನೆಂದೂ ಕ್ರೀಡಾಲೋಕದಲ್ಲಿ ಹೇಳುವರು. 25 ಮೀಟರ್ ದೂರದ ಶೀಘ್ರಗುರಿಯ ಪಂದ್ಯದಲ್ಲಿ ಟಕಾಚನು 580 ಅಂಕಗಳನ್ನು ಗಳಿಸಿ, ಅದುವರೆಗೆ ಯಾರೂ ಮುಟ್ಟದ ಮಟ್ಟವನ್ನು ಮುಟ್ಟಿ, ಚಿನ್ನದ ಪದಕವನ್ನು ಪಡೆದನು. ಪ್ರಶ್ನೆ ಕೇಳಿದವನು ಎರಡನೆಯವನಾಗಿ, ನೀವು ಸಾಕಷ್ಟು ಕಲಿತಿರುವಿರೆಂದು ಅಭಿನಂದಿಸಿದನಂತೆ. 1952ರಲ್ಲಿ ಹೆಲ್ಸಿಂಕಿಯಲ್ಲಿಯೂ ಟಕಾಚನೇ ಗೆದ್ದನು. ಅಲ್ಲಿ ಎರಡನೆಯವನಿಗಿಂತ ಅವನಿಗೆ ಹೆಚ್ಚಾಗಿದ್ದುದು ಒಂದೇ ಅಂಕ.

ಟಕಾಚನಿಗೆ ಒಂದು ಅನುಕೂಲವಿದ್ದಿತು. ಒಂದು ಕೈ ಹೋದರೂ ಇನ್ನೊಂದು ಕೈಯಿಂದ ಅದೇ ವಿದ್ಯೆಯನ್ನು ಸಾಧಿಸಬಹುದಾಗಿದ್ದಿತು. ಆದುದರಿಂದ ಪೂರ್ಣಾಂಗರ ಪಂದ್ಯದಲ್ಲಿಯೇ ಅವನು ಸೆಣಸಿದನು. ಕಾಲನ್ನು ಕಳೆದುಕೊಂಡ ಓಟಗಾರನಿಗೆ ಹೀಗೆ ಮಾಡುವುದು ಸಾಧ್ಯವಿಲ್ಲ. ಅವನಿಗೆ ಸಮಾನರೊಡನೆ ಸೆಣಸುವ ಬೇರೆಯ ಕಣವೇ ಬೇಕು. ವಿಚಿತ್ರವೆಂದರೆ, ಅಂಥ ಕಣದ ಬೀಜವು ಬಿದ್ದುದೂ ಆ 1948ರಲ್ಲಿಯೇ, ಇಂಗ್ಲೆಂಡಿನಲ್ಲಿಯೇ.

ಲುಡ್ವಿಗ್ ಗುಟ್‌ಮನ್ ಎಂಬ ಯೆಹೂದಿ ವೈದ್ಯರು ಹಿಟ್ಲರನ ಆಳ್ವಿಕೆಯಲ್ಲಿ ಜರ್ಮನಿಯಲ್ಲಿ ಬಾಳಲಾರದೆ 1939ರಲ್ಲಿ ಇಂಗ್ಲೆಂಡನ್ನು ಸೇರಿದರು. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿಯ ಆಸ್ಪತ್ರೆಯಲ್ಲಿ, ಬೆನ್ನುಹುರಿಗೆ ಗಾಯವಾದ ಸೈನಿಕರ ವಿಭಾಗವು ಅವರ ವಶಕ್ಕೆ ಬಂದಿತು. ಅಂಥ ರೋಗಿಗಳು ಹಾಸಿಗೆ ಹಿಡಿದು ಕೆಲವು ಕಾಲದಲ್ಲಿಯೇ ಸಾಯುವುದು ಅಲ್ಲಿಯವರೆಗೆ ಸಾಮಾನ್ಯವಾಗಿದ್ದಿತು. ಗುಟ್‌ಮನ್ನರು ಅವರನ್ನು ಎಬ್ಬಿಸಿ ಕುಳ್ಳಿರಿಸಿದರು, ಕೈಗೆ ಕೆಲಸವನ್ನು ಕೊಟ್ಟರು, ಕೊನೆಗೆ ಆಟವನ್ನೂ ಕೊಟ್ಟರು. 1948ನೆಯ ಇಸವಿ ಜುಲೈ 29ರಂದು ಲಂಡನಿನಲ್ಲಿ ಒಲಿಂಪಿಕ್ ಕ್ರೀಡೋತ್ಸವವು ಆರಂಭವಾದ ದಿನವೇ, ಆ ಆಸ್ಪತ್ರೆಯ ಹುಲ್ಲುಬಯಲಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ 14 ಪುರುಷರೂ 2 ಸ್ತ್ರೀಯರೂ ಬಿಲ್ಲುವಿದ್ಯೆಯ ಪಂದ್ಯವನ್ನು ಆಡಿದರು. 1952ರಲ್ಲಿ ಹಾಲೆಂಡಿನ ಯೋಧರು ಬಂದು ಸೇರಿದರು. 1960ರಲ್ಲಿ ರೋಮಿನಲ್ಲಿ 23 ದೇಶಗಳ ಸುಮಾರು 400 ಮಂದಿ ಸ್ಪರ್ಧಿಗಳು ಕೂಡಿದರು. ಸರ್ಜಿಯಸ್ಸನನ್ನು ಅಂಗವಿಕಲನೆಂದು ತಡೆದ ಆ ನಗರದಲ್ಲಿಯೇ ಮೊದಲನೆಯ ಪ್ಯಾರಾಲಿಂಪಿಕ್ ಕ್ರೀಡೋತ್ಸವವು ನಡೆದುದು ಚರಿತ್ರೆಯ ಒಂದು ಪ್ರಾಯಶ್ಚಿತ್ತದಂತಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಈ ಕ್ರೀಡೆಗಳು ಬೆನ್ನುಹುರಿಯ ರೋಗಿಗಳ ಆಸ್ಪತ್ರೆಯಲ್ಲಿ ಹುಟ್ಟಿದುದರಿಂದ, ಬಹುಕಾಲದವರೆಗೆ ಅಂಥವರಿಗೇ ಮೀಸಲಾಗಿದ್ದುವು. ಕೈಕಾಲುಗಳನ್ನು ಕಡಿಸಿಕೊಂಡವರು ಹೊರಗೆ ನಿಂತೇ ನೋಡಬೇಕಾಯಿತು. 1976ರಲ್ಲಿ ಸ್ವೀಡನಿನಲ್ಲಿ ಹಿಮಕ್ರೀಡೆಗಳೂ ಕೆನಡಾದ ಟೊರಾಂಟೋ ನಗರದಲ್ಲಿ ಬೇಸಗೆಯ ಕ್ರೀಡೆಗಳೂ ನಡೆದಾಗ ಮಾತ್ರವೇ ಛಿನ್ನಾಂಗರಿಗೂ ಅಂಧರಿಗೂ ಬಾಗಿಲು ತೆರೆಯಿತು. ಯಾರ ದೇಹದಲ್ಲಿ ಎಷ್ಟು ಶಕ್ತಿಯುಳಿದಿದೆಯೆಂಬುದನ್ನು ವೈದ್ಯರು ಪರೀಕ್ಷಿಸಿ, ಸಮಾನರನ್ನು ಒಂದು ವರ್ಗಕ್ಕೆ ಸೇರಿಸುವ ಪದ್ಧತಿಯು ಕ್ರಮಕ್ರಮವಾಗಿ ಬೆಳೆಯಿತು. ವಿಶ್ಪಲೆಗೆ ಕಣವು ಮರಳಿ ದೊರೆತುದು ಹೀಗೆ.

ಭಾರತ ದೇಶದಿಂದ ಈ ಕಣವನ್ನು ಮೊದಲು ಗೆದ್ದವರೂ ಯೋಧರೇ. ಮಹಾರಾಷ್ಟ್ರದ ಮುರಳೀಕಾಂತ ಪೇಟ್ಕರರು ಸೈನ್ಯದ ಯಂತ್ರಶಿಲ್ಪಿಗಳ ದಳದಲ್ಲಿದ್ದು ಮುಷ್ಟಿಯುದ್ಧದಲ್ಲಿ ಹೆಸರು ಪಡೆದಿದ್ದರು. 1965ರ ಪಾಕಿಸ್ತಾನ ಯುದ್ಧದಲ್ಲಿ ಹಲವು ಗುಂಡುಗಳು ಅವರ ಮೈಯನ್ನು ಹೊಕ್ಕುವು. ಒಂದು ಗುಂಡು ಬೆನ್ನೆಲುಬಿನ ಬಳಿಯಲ್ಲಿಯೇ ಉಳಿಯಿತು. ಅವರ ಅಂಗಗಳು ಕಡಿದುಹೋಗಲಿಲ್ಲ, ಆದರೆ ಕಾಲುಗಳು ಸ್ವಾಧೀನ ತಪ್ಪಿದುವು. ಮುಂಬಯಿಯ ನೌಕಾಪಡೆಯ ಆಸ್ಪತ್ರೆಯಲ್ಲಿ ಅವರಿಗೆ ಚಿಕಿತ್ಸೆಯಾಯಿತು. ಚಿಕಿತ್ಸೆಯ ಅಂಗವಾಗಿ ಈಜನ್ನು ಕೈಕೊಂಡರು. ಆ ಆಸ್ಪತ್ರೆಯ ಹೆಸರು ‘ಅಶ್ವಿನಿ’ ಎಂಬುದನ್ನು ಕಂಡಾಗ ವೇದವನ್ನು ಓದಿದವರಿಗೆ ಮೈ ಪುಲಕಿತವಾಗದಿರದು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೇಟ್ಕರರು 50 ಮೀಟರ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನದ ಪದಕವನ್ನು ಗೆದ್ದರು. ಒಲಿಂಪಿಕ್, ಪ್ಯಾರಾಲಿಂಪಿಕ್ ಎರಡರಲ್ಲಿಯೂ ಭಾರತೀಯನೊಬ್ಬನು ಏಕಾಂಗಿಯಾಗಿ ಗಳಿಸಿದ ಮೊದಲನೆಯ ಚಿನ್ನವಿದು. ಇದಕ್ಕಾಗಿ ಪದ್ಮಶ್ರೀ ಪ್ರಶಸ್ತಿಯು ಅವರಿಗೆ ದೊರೆತುದು 2018ರಲ್ಲಿ, 46 ವರ್ಷಗಳ ಮೇಲೆ. ನಾಡು ಮರೆಯುವುದರಲ್ಲಿ ಎಷ್ಟು ಚುರುಕು, ನೆನೆಯುವುದರಲ್ಲಿ ಎಷ್ಟು ನಿಧಾನ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾಲನ್ನು ಕಳೆದುಕೊಂಡವನು ಸೈನ್ಯದಲ್ಲಿಯೇ ಸಮಾನನಾಗಿ ನಿಲ್ಲಬಹುದೆಂಬುದನ್ನು ಗೂರ್ಖಾ ದಳದ ಮೇಜರ್ ಇಯಾನ್ ಕಾರ್ಡೋಜೋ ಅವರು ತೋರಿಸಿಕೊಟ್ಟರು. 1971ರ ಯುದ್ಧದಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟು, ನಜ್ಜುಗುಜ್ಜಾದ ಕಾಲನ್ನು ತಮ್ಮ ಖುಕ್ರಿಯಿಂದ ತಾವೇ ಕತ್ತರಿಸಿಕೊಂಡ ಧೀರರಿವರು. ಮುಂದೆ ಮರದ ಕಾಲಿನಿಂದಲೇ ಸೈನ್ಯದ ದೈಹಿಕ ಪರೀಕ್ಷೆಯನ್ನು ಓಡಿ ಮುಗಿಸಿ, ಎರಡು ಕಾಲುಳ್ಳ ಅಧಿಕಾರಿಗಳನ್ನೂ ಹಿಂದಿಕ್ಕಿ, ಕಾಲಾಳು ದಳವೊಂದರ ನಾಯಕತ್ವವನ್ನು ಪಡೆದರು. ಅಂಗವಿಕಲನಾದ ಅಧಿಕಾರಿಗೆ ಆ ಪದವಿಯು ಭಾರತೀಯ ಸೈನ್ಯದಲ್ಲಿ ದೊರೆತುದು ಅದೇ ಮೊದಲು.

ಈ ಪರಂಪರೆಯ ಈಚಿನ ಕೊಂಡಿಯೇ ನಾಗಾಲ್ಯಾಂಡಿನ ಹೊಕಾಟೊ ಹೊಟೊಝೆ ಸೆಮಾ ಅವರು. 1983ರ ಡಿಸೆಂಬರಿನಲ್ಲಿ ದಿಮಾಪುರದ ಬೇಸಾಯಗಾರರ ಮನೆಯಲ್ಲಿ ಹುಟ್ಟಿದ ಇವರು ಹದಿನೇಳರ ಹರೆಯದಲ್ಲಿಯೇ ಅಸ್ಸಾಂ ದಳವನ್ನು ಸೇರಿದರು. ಸೈನ್ಯದ ವಿಶೇಷ ಪಡೆಗಳಿಗೆ ಸೇರಬೇಕೆಂಬುದು ಅವರ ಹಂಬಲವಾಗಿದ್ದಿತು. 2002ರಲ್ಲಿ ಕಾಶ್ಮೀರದ ಚೌಕಿಬಲ್ ಎಂಬಲ್ಲಿ, ಗಡಿಯೊಳಕ್ಕೆ ನುಸುಳುವವರನ್ನು ತಡೆಯುವ ಕಾರ್ಯದಲ್ಲಿದ್ದಾಗ ನೆಲಬಾಂಬು ಸಿಡಿದು, ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಗ ಅವರಿಗೆ ಹತ್ತೊಂಬತ್ತು ವರ್ಷವೂ ತುಂಬಿರಲಿಲ್ಲ.

ಅಲ್ಲಿಂದ 2016ರವರೆಗೆ ಹದಿನಾಲ್ಕು ವರ್ಷಗಳು ಕಳೆದುವು. ಶ್ರೀರಾಮನ ವನವಾಸದಷ್ಟು ದೀರ್ಘವಾದ ಈ ಅವಧಿಯಲ್ಲಿ ಕೃತಕ ಕಾಲಿದ್ದಿತು, ಸೈನ್ಯದಲ್ಲಿ ಉದ್ಯೋಗವಿದ್ದಿತು. ಕಣ ಮಾತ್ರ ಇರಲಿಲ್ಲ. 2016ರಲ್ಲಿ ಪುಣೆಯಲ್ಲಿ ಹಿರಿಯ ಸೇನಾಧಿಕಾರಿಯೊಬ್ಬರು ಅವರ ಮೈಕಟ್ಟನ್ನು ಕಂಡು, ಗುಂಡೆಸೆತವನ್ನು ಕಲಿಯಿರೆಂದು ಪ್ರೇರಿಸಿದರು. ಇತರ ಕ್ರೀಡಾಳುಗಳು ವಿಶ್ರಾಂತಿಯನ್ನು ಚಿಂತಿಸುವ 32ನೆಯ ವಯಸ್ಸಿನಲ್ಲಿ ಅವರು ಆ ವಿದ್ಯೆಯ ಓನಾಮವನ್ನು ತಿದ್ದಿದರು. ಆ ವರ್ಷವೇ ರಾಷ್ಟ್ರೀಯ ಪಂದ್ಯದಲ್ಲಿ ಇಳಿದರು.

ಎಫ್ 57 ಎಂಬ ಆ ವರ್ಗದ ಗುಂಡೆಸೆತದ ಕ್ರಮವನ್ನು ಇಲ್ಲಿ ತಿಳಿಸುವುದು ಉಚಿತವು. ಸ್ಪರ್ಧಿಯು ನಿಂತು ಎಸೆಯುವಂತಿಲ್ಲ. ನೆಲಕ್ಕೆ ಬಿಗಿದ ಲೋಹದ ಪೀಠದ ಮೇಲೆ ಕುಳಿತು, ಪಟ್ಟಿಗಳಿಂದ ತೊಡೆಗಳನ್ನು ಕಟ್ಟಿಸಿಕೊಂಡು ಎಸೆಯಬೇಕು. ಪೀಠದ ಎತ್ತರವು 75 ಸೆಂಟಿಮೀಟರನ್ನು ಮೀರಕೂಡದು. ಎಸೆಯುವಾಗ ಆಸನದಿಂದ ಏಳಕೂಡದು. ಗುಂಡಿನ ತೂಕವು 4 ಕಿಲೋಗ್ರಾಂ. ನಿಂತು ಎಸೆಯುವವನಿಗೆ ಬಲವು ನೆಲದಿಂದ ಹುಟ್ಟುತ್ತದೆ: ಕಾಲು ನೆಲವನ್ನು ಒತ್ತಿದಾಗ ಬಂದ ಶಕ್ತಿಯು ಸೊಂಟವನ್ನೂ ಬೆನ್ನನ್ನೂ ಹಾದು ಕೈಯನ್ನು ಸೇರುತ್ತದೆ. ಕುಳಿತವನಿಗೆ ಆ ಮೂಲವೇ ಇಲ್ಲ. ಒಂದು ಕೈಯಿಂದ ಪೀಠದ ಕಂಬಿಯನ್ನು ಹಿಡಿದೆಳೆದು, ನಡುವಿನಿಂದಲೂ ಹೆಗಲಿನಿಂದಲೂ ಆ ಬಲವನ್ನೆಲ್ಲ ಹುಟ್ಟಿಸಬೇಕು. ಇದು ದಯೆಯಿಂದ ಏರ್ಪಡಿಸಿದ ಸುಲಭವಾದ ಆಟವಲ್ಲ. ತನ್ನದೇ ಆದ ಶಾಸ್ತ್ರವುಳ್ಳ ಕಠಿನವಾದ ವಿದ್ಯೆ.

2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯಾದ ಕ್ರೀಡೆಗಳಲ್ಲಿ ಸೆಮಾ ಅವರಿಗೆ ಕಂಚಿನ ಪದಕವು ಬಂದಿತು. 2024ರಲ್ಲಿ ಜಪಾನಿನ ಕೋಬೆಯಲ್ಲಿ ನಡೆದ ವಿಶ್ವಪಂದ್ಯದಲ್ಲಿ ನಾಲ್ಕನೆಯವರಾಗಿ ಪದಕವು ಕೈತಪ್ಪಿತು. ಆ ವರ್ಷದ ಸೆಪ್ಟೆಂಬರ್ 6ರಂದು ಪ್ಯಾರಿಸಿನ ಪ್ಯಾರಾಲಿಂಪಿಕ್ ಕಣದಲ್ಲಿ ಅವರು ಮತ್ತೆ ಪೀಠವನ್ನೇರಿದರು. ಮೊದಲನೆಯ ಗುಂಡು 13.88 ಮೀಟರ್ ಹೋಯಿತು, ಎರಡನೆಯದು 14 ಮೀಟರನ್ನು ಮುಟ್ಟಿತು, ಮೂರನೆಯದು 14.40. ನಾಲ್ಕನೆಯ ಎಸೆತದಲ್ಲಿ, ತಮ್ಮ ಜೀವಮಾನದಲ್ಲಿಯೇ ಹಿಂದೆಂದೂ ಎಸೆಯದಿದ್ದ ದೂರಕ್ಕೆ, 14.65 ಮೀಟರಿಗೆ, ಗುಂಡನ್ನು ಕಳುಹಿಸಿದರು. ಇರಾನಿನ ಯಾಸಿನ್ ಖೋಸ್ರವಿಯು 15.96 ಮೀಟರಿನಿಂದ ಚಿನ್ನವನ್ನೂ, ಬ್ರೆಜಿಲಿನ ಥಿಯಾಗೊ ಪೌಲಿನೊ ದೊಸ್ ಸಾಂತೊಸನು 15.06 ಮೀಟರಿನಿಂದ ಬೆಳ್ಳಿಯನ್ನೂ ಗೆದ್ದರು. ಕಂಚು ಸೆಮಾ ಅವರದಾಯಿತು. ಅದೇ ಪಂದ್ಯದಲ್ಲಿ ಐದನೆಯವರಾದ ಸೋಮನ್ ರಾಣಾ ಅವರೂ ಭಾರತೀಯ ಯೋಧರೇ, 2006ರಲ್ಲಿ ನೆಲಬಾಂಬಿಗೆ ಬಲಗಾಲನ್ನು ತೆತ್ತವರು. ಪದಕ ಬಂದವರ ಹೆಸರನ್ನು ಲೋಕವು ಹಾಡುತ್ತದೆ; 14.07 ಮೀಟರ್ ಎಸೆದ ಈ ಐದನೆಯವರ ಶ್ರಮವೂ ಅಷ್ಟೇ ಗೌರವಕ್ಕೆ ಪಾತ್ರವಾದುದು.

ಇಂಥ ಚರಿತ್ರೆಗಳನ್ನು ಓದುವಾಗ ಒಂದು ಅಪಾಯವಿದೆ. ಧೀರನೊಬ್ಬನು ಗೆದ್ದುದನ್ನು ತೋರಿಸಿ, ಉಳಿದವರೂ ಹೀಗೆಯೇ ಗೆಲ್ಲಬಹುದಾಗಿದ್ದಿತು, ಗೆಲ್ಲದಿದ್ದುದು ಅವರ ದೋಷವೆಂದು ಜನರು ಸುಲಭವಾಗಿ ಹೇಳಿಬಿಡುವರು. ಇದು ನ್ಯಾಯವಲ್ಲ. ಕಾಲನ್ನು ಕಳೆದುಕೊಂಡ ಪ್ರತಿಯೊಬ್ಬ ಸೈನಿಕನೂ ಪದಕವನ್ನು ತರಬೇಕಾಗಿಲ್ಲ. ಅವನು ತೆರಬೇಕಾದುದನ್ನು ಆಗಲೇ ತೆತ್ತಿದ್ದಾನೆ. ಸೆಮಾ ಅವರ ಚರಿತ್ರೆಯಲ್ಲಿ ಮುಖ್ಯವಾದುದು ಪದಕಕ್ಕಿಂತ ಆ ಹದಿನಾಲ್ಕು ವರ್ಷಗಳು. ಅವರ ತೋಳಿನ ಬಲವು 2016ರಲ್ಲಿ ಹೊಸದಾಗಿ ಹುಟ್ಟಿದುದಲ್ಲ. ಅದು ಮೊದಲೇ ಇದ್ದಿತು, ಅದನ್ನು ಕಾಣುವ ಕಣ್ಣು ತಡವಾಗಿ ಬಂದಿತು. ಯೋಗ್ಯರಾದ ಮನುಷ್ಯರು ದುರ್ಲಭರಲ್ಲ, ಅವರನ್ನು ಗುರುತಿಸಿ ಯೋಜಿಸುವವನೇ ದುರ್ಲಭನೆಂದು ನೀತಿಜ್ಞರು ಹೇಳುವುದು ಇಲ್ಲಿ ಅಕ್ಷರಶಃ ಸತ್ಯವಾಗಿದೆ. ಸರ್ಜಿಯಸ್ಸನಿಗೆ ಯಜ್ಞಶಾಲೆಯ ಬಾಗಿಲು, ಟಕಾಚನಿಗೆ ತಂಡದ ಬಾಗಿಲು, ಛಿನ್ನಾಂಗರಿಗೆ ಸ್ಟೋಕ್ ಮ್ಯಾಂಡೆವಿಲ್ಲಿನ ಬಾಗಿಲು ಮುಚ್ಚಿದ್ದಾಗ, ಕೊರತೆಯಿದ್ದುದು ಅವರ ದೇಹಗಳಲ್ಲಿ ಮಾತ್ರವಲ್ಲ, ನೋಡುವವರ ದೃಷ್ಟಿಯಲ್ಲಿಯೂ.

2025ನೆಯ ಇಸವಿ ಜನವರಿ 17ರಂದು ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಅರ್ಜುನ ಪ್ರಶಸ್ತಿಗಳ ಪ್ರದಾನವಾಯಿತು. ಪುರಸ್ಕೃತರ ಒಂದೇ ಪಟ್ಟಿಯಲ್ಲಿ ಹೊಕಾಟೊ ಸೆಮಾ ಅವರ ಹೆಸರೂ, ಜೀವಮಾನದ ಸಾಧನೆಗಾಗಿ ಎಂಬತ್ತು ವರ್ಷದ ಮುರಳೀಕಾಂತ ಪೇಟ್ಕರರ ಹೆಸರೂ ಇದ್ದುವು. ಗೆದ್ದ ವರ್ಷದ ಪ್ರಶಸ್ತಿಯಲ್ಲಿಯೇ ಒಬ್ಬರಿಗೆ ಮನ್ನಣೆ. ಗೆದ್ದು 52 ವರ್ಷಗಳಾದ ಮೇಲೆ ಇನ್ನೊಬ್ಬರಿಗೆ. ಈ ಎರಡು ಅವಧಿಗಳ ಅಂತರವನ್ನು ಅಳೆದರೆ ನಾಡಿನ ದೃಷ್ಟಿಯು ಎಷ್ಟು ದೂರ ಸಾಗಿ ಬಂದಿದೆಯೆಂಬುದು ತಿಳಿಯುವುದು. ಇಂದಿಗೂ ಗಡಿಗಳಲ್ಲಿ ನೆಲಬಾಂಬುಗಳು ಹುದುಗಿಕೊಂಡೇ ಇವೆ. ಸಿಪಾಯಿಗಳು ನಡೆಯುತ್ತಲೇ ಇದ್ದಾರೆ. ಮುಂದೆ ಕಾಲನ್ನು ಕಳೆದುಕೊಳ್ಳುವವನಿಗೆ ಹದಿನಾಲ್ಕು ವರ್ಷಗಳ ವನವಾಸವು ಬೇಡ. ಅಶ್ವಿನಿಗಳು ವಿಶ್ಪಲೆಗೆ ಕಾಲನ್ನು ಕೊಟ್ಟುದು ಆ ರಾತ್ರಿಯೇ.